ವೇದಿಕೆ ಪೆಟ್ಟಿಗೆಯ ರಂಧ್ರಗಳಲ್ಲಿ ಕರವಸ್ತ್ರ ಇಡುವ ಕುರಿತು

ಭೀಮಾತೀರ ಕನ್ನಡ ಬಳಗ, ಕೊಂಢವಾ, ಪುಣೆ
ಧ್ವನಿ ವಿಭಾಗ

ಸಂಖ್ಯೆ: ಭೀಕಬ/ಧ್ವನಿ/ಪೆಟ್ಟಿಗೆ/ವಸ್ತ್ರ/೨೦೦೯
ದಿನಾಂಕ: ೨೭ ಅಕ್ಟೋಬರ್ ೨೦೦೯

ಸುತ್ತೋಲೆ

ವಿಷಯ: ಡಿಜಿಟಲ್ ವೇದಿಕೆ ಪೆಟ್ಟಿಗೆಯ ರಂಧ್ರಗಳನ್ನು ಕರವಸ್ತ್ರ, ಟವೆಲ್ಲು ಇತ್ಯಾದಿಗಳಿಂದ ಕಾಯ್ದಿರಿಸುವ ಬಗ್ಗೆ.

ಉಲ್ಲೇಖ: (ಅ) ಉಪಾಧ್ಯಕ್ಷ ಶ್ರೀ ಅವ್ವಣ್ಣನವರ ಮೌಖಿಕ ಗದರಿಕೆ.
(ಆ) ಅದೇ ಗದರಿಕೆ, ದೂರವಾಣಿಯಲ್ಲಿ.
(ಇ) ಶ್ರೀಮತಿ ಬಸವಣ್ಣೆವ್ವ ಅವರ ಮೌನ.

೧. ದನಿಗಳನ್ನು ಬೆರೆಸುವ ಬಳಗದ ಮಿಕ್ಸರಿನಲ್ಲಿ ಮೈಕುಗಳಿಗೆ ರಂಧ್ರಗಳು ಸಾಲದೆ ಬಂದುದರಿಂದ ವೇದಿಕೆ ಪೆಟ್ಟಿಗೆಯೊಂದನ್ನು ತರಿಸಲಾಗಿದೆ. ಇದನ್ನು ವೇದಿಕೆಯ ಮೇಲಿಟ್ಟು, ಇದರ ಹದಿನಾರು ರಂಧ್ರಗಳಿಗೆ ಹದಿನಾರು ಮೈಕುಗಳ ತಂತಿ ಚುಚ್ಚಿದರೆ, ಅಷ್ಟೂ ದನಿಗಳು ಒಂದೇ ತೆಳು ತಂತಿಯಲ್ಲಿ ಸಭಾಂಗಣದ ಹಿಂಬದಿಯ ಮಿಕ್ಸರಿಗೆ ತಲುಪುತ್ತವೆ. ಇದು ಯಂತ್ರವಾಗಿದ್ದು, ಸ್ವಾರಗೇಟಿನಿಂದ ಹೊರಡುವ ಎಸ್.ಟಿ. ಬಸ್ಸಲ್ಲವೆಂದು ಸರ್ವ ಸದಸ್ಯರಿಗೂ ತಿಳಿಯಪಡಿಸಲಾಗಿದೆ.

೨. ಪೆಟ್ಟಿಗೆ ತರಿಸಿದ ಮೂಲ ಉದ್ದೇಶವನ್ನು ದಾಖಲಿಸುವುದು ಅಗತ್ಯ. ಕೊಂಢವಾದಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಶ್ರೀಮತಿ ಬಸವಣ್ಣೆವ್ವ ಅವರು ಪ್ರತಿ ರಾಜ್ಯೋತ್ಸವದಲ್ಲಿ ಬೀಸುಕಲ್ಲಿನ ಪದ ಹಾಡುತ್ತ ಬಂದಿದ್ದಾರೆ. ಬೀಸುತ್ತ ಹಾಡುವ ದನಿ ಪಕ್ಕದವಳಿಗೆ ಕೇಳಿದರೆ ಸಾಕು; ಸಭಾಂಗಣಕ್ಕೆ ಸಾಲದು. ಇದ್ದ ಮೈಕುಗಳೆಲ್ಲ ಗಣ್ಯರ ಮುಂದಿರುತ್ತಿದ್ದ ಕಾರಣ ಎರಡನೇ ಸಾಲಿನವರು ಈವರೆಗೆ ಅವರ ತುಟಿಗಳನ್ನಷ್ಟೇ ಕೇಳಿದ್ದಾರೆ. ಈ ಸಲ ಮೈಕು ಖಂಡಿತ ಎಂದು ಧ್ವನಿ ಮೇಲ್ವಿಚಾರಕ ಶ್ರೀ ಶಿವರುದ್ರಪ್ಪ ಮಾತು ಕೊಟ್ಟಿದ್ದರು. “ಈ ಸಲಾನೂ ಕೇಳಸ್ಲಿಲ್ಲಂದ್ರ ಮುಂದ ನಾ ರೊಟ್ಟಿ ಅಷ್ಟ ಬಡೀತೀನ್ರಿ, ಪದಾ ಬಿಟ್ಟೆ” ಎಂಬ ಅವರ ಉತ್ತರವನ್ನು ಅಂತಿಮ ಸೂಚನಾಪತ್ರವೆಂದು ಪರಿಗಣಿಸಲಾಗಿದೆ. ಆ ಪದಗಳನ್ನು ಬಲ್ಲವರು ಬಳಗದಲ್ಲಿ ಬೇರಾರೂ ಇಲ್ಲ.

೩. ಪೆಟ್ಟಿಗೆ ಬಂದ ಮರುದಿನ ಮುಂಜಾನೆ ಪರದೆ ಸರಿಸಿದಾಗ ಹದಿನಾರೂ ರಂಧ್ರಗಳಲ್ಲಿ ಹದಿನಾರು ವಸ್ತ್ರಗಳು ತುರುಕಲ್ಪಟ್ಟಿದ್ದವು. ಪದಾಧಿಕಾರಿಗಳು, ಮಾಜಿ ಪದಾಧಿಕಾರಿಗಳು ಹಾಗೂ ಮುಂದೆ ಪದಾಧಿಕಾರಿಗಳಾಗಬೇಕೆಂದಿರುವವರು ಬಸ್ಸಿನ ಕಿಟಕಿಯಿಂದ ಸೀಟು ಹಿಡಿಯುವ ಪದ್ಧತಿಯಂತೆ ಸ್ಥಳ ಹಿಡಿದಿರುವುದು ಕಂಡುಬಂದಿದೆ. ಒಂದು ರಂಧ್ರದಲ್ಲಿ ಕಾಲುಚೀಲವಿತ್ತು. ಅದರ ಜೊತೆಯದನ್ನು ಹಾಜರುಪಡಿಸಿದವರ ಹಕ್ಕನ್ನು ಮಾನ್ಯ ಮಾಡಲಾಗಿದೆ.

೪. ತಕರಾರು ಇತ್ಯರ್ಥಕ್ಕಾಗಿ ನೆರೆಮನೆಯ ನಿವೃತ್ತ ಎಸ್.ಟಿ. ಕಂಡಕ್ಟರ್ ಶ್ರೀ ಏಕನಾಥ ಅವರ ಅಭಿಪ್ರಾಯ ಕೇಳಲಾಯಿತು. “ರುಮಾಲ ಆಹೇ ಮ್ಹಣಜೇ ಮಾಣೂಸ ಆಹೇ” ಎಂದು, ಅಂದರೆ ವಸ್ತ್ರವಿದ್ದಲ್ಲಿ ಮನುಷ್ಯನಿದ್ದಾನೆಂದು, ಅವರು ಚಹಾ ಮುಗಿಯುವ ಮೊದಲೇ ತೀರ್ಪು ನೀಡಿದರು. ಅದರಂತೆ ಈ ಕೆಳಗಿನ ನಿಯಮಗಳು ತಕ್ಷಣ ಜಾರಿಗೆ ಬಂದಿವೆ.

೫. ವಸ್ತ್ರ ರಂಧ್ರದಲ್ಲಿರುವವರೆಗೆ ಮಾತ್ರ ಹಕ್ಕು. ಮೂಗು ಒರೆಸಲು ತೆಗೆಯಬೇಕಾದಲ್ಲಿ ಬದಲಿ ವಸ್ತ್ರವಿಟ್ಟು ತೆಗೆಯತಕ್ಕದ್ದು. ಒರೆಸಿದ ಮೇಲೆ ಅದೇ ವಸ್ತ್ರವನ್ನು ಮರಳಿ ಇಡುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ.

೬. ಒಂದೇ ರಂಧ್ರದಲ್ಲಿ ಎರಡು ವಸ್ತ್ರಗಳಿದ್ದಲ್ಲಿ ಕೆಳಗಿನದು ಹಿರಿಯದು. ಎರಡೂ ಕೂಡಿ ಗಂಟಾಗಿದ್ದಲ್ಲಿ ಬಿಡಿಸಬಾರದು. ಉಭಯ ಕುಟುಂಬಗಳನ್ನು ಕರೆಸತಕ್ಕದ್ದು.

೭. ಒಗೆಯಲು ಒಯ್ದ ವಸ್ತ್ರದ ಜಾಗದಲ್ಲಿ ಮನೆಯ ಸದಸ್ಯರೊಬ್ಬರು ಕಿರುಬೆರಳಿಟ್ಟು ಕೂಡ್ರಬಹುದು. ಈ ಅವಧಿಯಲ್ಲಿ ಯಂತ್ರವನ್ನು ಚಾಲನೆ ಮಾಡತಕ್ಕದ್ದಲ್ಲ.

೮. ವಸ್ತ್ರವಿರುವ ರಂಧ್ರಕ್ಕೆ ಮೈಕಿನ ತಂತಿ ಹೋಗುವುದಿಲ್ಲವೆಂದು ಮೇಲ್ವಿಚಾರಕರು ಶ್ರೀ ಅವ್ವಣ್ಣನವರ ಗಮನಕ್ಕೆ ತಂದಿರುತ್ತಾರೆ. ಸಂಭಾಷಣೆ ಯಥಾವತ್ತಾಗಿ ಹೀಗಿದೆ:
“ವಸ್ತ್ರ ತಗದ್ರಿ ಅಂದ್ರ ಮೈಕ ಹಚ್ಚತೀನ್ರೀ.”
“ತಗದ್ನೆಪಾ ಅಂದ್ರ ಜಾಗಾ ಹೋಗತದ. ನಿನಗ ಭಾಳ ಶಾಣ್ಯಾ ಅನ್ನಸ್ತದೇನು?”
“ಹಂಗಾರ ಮಾತಾಡೋದು ಹ್ಯಾಂಗ್ರೀ?”
“ಮಾತಾಡೋದು ಆಮ್ಯಾಲ ನೋಡೂಣು. ಮೊದಲ ಜಾಗಾ ಇರ್ಲಿ.”
ಉಳಿದ ಹದಿನೈದು ಮಂದಿಯೂ ಇದೇ ನಿಲುವು ತಳೆದಿರುವುದರಿಂದ ಪೆಟ್ಟಿಗೆಯು ಪೂರ್ಣ ಭರ್ತಿಯಾಗಿದ್ದು, ಪೂರ್ಣ ನಿಶ್ಶಬ್ದವಾಗಿದೆ.

೯. ಈ ಪೆಟ್ಟಿಗೆಗೆ ಇನ್ನೊಂದು ಪೆಟ್ಟಿಗೆಯನ್ನು ಜೋಡಿಸಿ ವ್ಯವಸ್ಥೆಯನ್ನು ಬೇಕಾದಷ್ಟು ವಿಸ್ತರಿಸಬಹುದೆಂಬ ಪ್ರಸ್ತಾವನೆ ಇತ್ತು. ಪ್ರಸ್ತಾವನೆಯ ಸುದ್ದಿ ಹೊರಬಿದ್ದ ಸಂಜೆಯೇ, ಇನ್ನೂ ಕೊಳ್ಳದ ಪೆಟ್ಟಿಗೆಗಾಗಿ ಕಚೇರಿಯ ಮೇಜಿನ ಮೇಲೆ ವಸ್ತ್ರಗಳು ಬಂದು ಬಿದ್ದಿವೆ. ಬಾರಾಮತಿಯ ಸದಸ್ಯರೊಬ್ಬರದು ಕೊರಿಯರ್ ಮೂಲಕ ತಲುಪಿದೆ. ಪ್ರಸ್ತಾವನೆಯನ್ನು ತಡೆಹಿಡಿಯಲಾಗಿದೆ. ಮೇಜನ್ನೂ.

೧೦. ಮೊನ್ನೆಯ ತಾಲೀಮಿನಲ್ಲಿ ಬಸವಣ್ಣೆವ್ವ ಅವರು ಪೆಟ್ಟಿಗೆಯನ್ನು ಒಮ್ಮೆ ನೋಡಿ, ಏನೂ ಹೇಳದೆ ಚಪ್ಪಲಿ ಮೆಟ್ಟಲು ಹಿಂಬಾಗಿಲಿಗೆ ನಡೆದರು. ಮೇಲ್ವಿಚಾರಕರು ಬೆನ್ನಟ್ಟಿ ಹೋದಾಗ, “ಬಿಡೋ ತಮ್ಮಾ, ನಿಂದೇನ ತಪ್ಪ ಅದ” ಎಂದದ್ದು ಅವರಿಗೆ ಗದರಿಕೆಗಿಂತ ಹೆಚ್ಚು ನಾಟಿರುತ್ತದೆ. ಮಿಕ್ಸರು ಚಪ್ಪಲಿಯ ಕಪಾಟಿನ ಪಕ್ಕದಲ್ಲೇ ಇರುತ್ತದೆ. ಅದರ ಬೆನ್ನಿಗೆ ಅದರದೇ ರಂಧ್ರಗಳಿದ್ದು, ಗೌರವಕ್ಕೆ ಕಡಿಮೆಯಾದ ಸ್ಥಳವಾದ್ದರಿಂದ ಅಲ್ಲಿ ಯಾರೂ ಏನನ್ನೂ ತುರುಕಿರಲಿಲ್ಲ. ಮೇಲ್ವಿಚಾರಕರು ಅಲ್ಲಿಯೇ ಒಂದು ಮೈಕು ಚುಚ್ಚಿ ಅವರ ಕೈಗಿತ್ತರು. “ಇಲ್ಲೇ? ಚಪ್ಪಲಿ ನಡುವನ?” ಎಂದು ಕೇಳಿ, ನಕ್ಕು, ಅವರು ಹಾಡಿದರು. ದನಿ ಮೊದಲ ಸಾಲಿನವರೆಗೆ, ಅಲ್ಲಿಂದ ರಸ್ತೆಯ ಪಾನ್ ಅಂಗಡಿಯವರೆಗೆ ತಲುಪಿದೆ. ಅಂಗಡಿಯವರು ಎದ್ದು ಬಂದಿರುತ್ತಾರೆ.

೧೧. ಆಗ ಸಭಾಂಗಣದಲ್ಲಿದ್ದವರೆಲ್ಲ ಕುರ್ಚಿಗಳನ್ನು ಹಿಂದಕ್ಕೆ ತಿರುಗಿಸಿಕೊಂಡು ಕುಳಿತರು. ಹಾಗೆ ಮಾಡಬಾರದೆಂಬ ನಿಯಮವನ್ನು ಬಳಗದ ಕಡತಗಳಲ್ಲಿ ಹುಡುಕಲಾಯಿತು, ದೊರೆತಿಲ್ಲ, ಹೆಚ್ಚು ಹುಡುಕಿಯೂ ಇಲ್ಲ. ಆದ್ದರಿಂದ ಭಾನುವಾರದ ರಾಜ್ಯೋತ್ಸವದಲ್ಲಿ ಗಣ್ಯರು ವೇದಿಕೆಯ ಮೇಲೆ ತಮ್ಮ ತಮ್ಮ ವಸ್ತ್ರಗಳ ಸಮ್ಮುಖದಲ್ಲಿ ಆಸೀನರಾಗತಕ್ಕದ್ದೆಂದೂ, ಕಾರ್ಯಕ್ರಮವು ಚಪ್ಪಲಿ ಕಪಾಟಿನ ಬಳಿ ನಡೆಯತಕ್ಕದ್ದೆಂದೂ ಆದೇಶಿಸಲಾಗಿದೆ.

(ಸಹಿ)
ಶಿವರುದ್ರಪ್ಪ
ಮೇಲ್ವಿಚಾರಕರು, ಧ್ವನಿ ವಿಭಾಗ

ಪ್ರತಿಗಳು:
೧. ಹದಿನಾರು ವಸ್ತ್ರದಾರರಿಗೆ: ಪ್ರೇಕ್ಷಕರ ಬೆನ್ನುಗಳು ಸ್ಪಷ್ಟವಾಗಿ ಕಾಣುವಂತೆ ದೀಪದ ವ್ಯವಸ್ಥೆ ಮಾಡಲಾಗಿದೆ ಎಂಬ ಭರವಸೆಯೊಂದಿಗೆ.
೨. ಕುರ್ಚಿ ಪೂರೈಸುವವರಿಗೆ: ಕುರ್ಚಿಗಳನ್ನು ಒಂದಕ್ಕೊಂದು ಕಟ್ಟದೆ ಕಳಿಸಲು.
೩. ಶ್ರೀ ಏಕನಾಥ ಅವರಿಗೆ: ಮುಂದಿನ ಸಾಲಿನಲ್ಲಿ, ಅಂದರೆ ಹಿಂದಿನ ಸಾಲಿನಲ್ಲಿ, ಸ್ಥಳವಿದೆ.
೪. ಪಾನ್ ಅಂಗಡಿಗೆ: ಅಂಟಿಸಲು.
೫. ಶ್ರೀಮತಿ ಬಸವಣ್ಣೆವ್ವ ಅವರಿಗೆ: ಓದಲು ಬಾರದ ಕಾರಣ ಮೇಲ್ವಿಚಾರಕರೇ ಓದಿ ಹೇಳಿದ್ದಾರೆ. ಹತ್ತನೇ ಕಂಡಿಕೆಯನ್ನು ಇನ್ನೊಮ್ಮೆ ಓದಿಸಿಕೊಂಡು, ರೊಟ್ಟಿ ಕೊಟ್ಟು ಕಳಿಸಿರುತ್ತಾರೆ.