ನಾಣ್ಯದ ನಿಮಿತ್ತ ಸ್ಪೂರಿಯಸ್ ಅಜ್ಜನ ನಿಧನ

ರೋಮಿನ ಬೆಳ್ಳಿ ನಾಣ್ಯದ ಮೇಲೆ ಬದುಕಿರುವವರ ಮುಖ ಅಚ್ಚಾಗತಕ್ಕದ್ದಲ್ಲ. ದೇವರು, ಆನೆ ಮತ್ತು ಸತ್ತ ಪೂರ್ವಜರಿಗೆ ಮಾತ್ರ ಆ ಅರ್ಹತೆಯಿದೆ.

ಆ ವರ್ಷ ಟಂಕಸಾಲೆಯ ಮೂವರು ಅಧಿಕಾರಿಗಳಲ್ಲಿ ಒಬ್ಬನ ವಂಶ ವೀನಸ್ ದೇವಿಯಿಂದ ಶುರುವಾಗಿತ್ತು, ಇನ್ನೊಬ್ಬನದು ಯಾವುದೋ ಹಳೆಯ ರಾಜನಿಂದ. ಮೂರನೆಯವನಾದ ನೋವಿಯಸ್‌ನ ವಂಶ ಸುಬುರಾ ಎಂಬ ಬಡಕೇರಿಯ ಈರುಳ್ಳಿ ಅಂಗಡಿಯಿಂದ ಶುರುವಾಗಿತ್ತು. ಶುರುಮಾಡಿದ ಅಜ್ಜ ಸ್ಪೂರಿಯಸ್ ಇನ್ನೂ ಅಲ್ಲೇ ಕೂತು ತೂಗುತ್ತಿದ್ದ. ಮೊಮ್ಮಗನೋ ಚುನಾವಣೆಗೆ ನಿಲ್ಲಬೇಕು. ನಾಣ್ಯದ ಮೇಲೊಬ್ಬ ಪೂರ್ವಜ ಇಲ್ಲದಿದ್ದರೆ ಮತ ಕೇಳಲು ಮುಖವೇ ಇಲ್ಲ.

ಸಾಹಸಕ್ಕೇನೂ ಕೊರತೆಯಿರಲಿಲ್ಲ. ಅಜ್ಜ ಯೌವನದಲ್ಲಿ ಸೈನ್ಯದ ಅಡುಗೆ ಪಾತ್ರೆ ಹೊರುವ ಕತ್ತೆಯ ಬಾಲ ಹಿಡಿದು ಹೊಳೆ ದಾಟಿದ್ದ. ಅಚ್ಚು ಕೊರೆಯುವವನು ಕತ್ತೆಯನ್ನು ಕುದುರೆ ಮಾಡಿ, ಅಜ್ಜನಿಗೆ ಬಾಲದಿಂದ ಬೆನ್ನಿಗೆ ಬಡ್ತಿ ಕೊಟ್ಟ. ಉಳಿದ ಅಡ್ಡಿ ಒಂದೇ: ಅಜ್ಜ ಉಸಿರಾಡುತ್ತಿದ್ದ.

ನೋವಿಯಸ್ ಟಂಕಸಾಲೆಯ ಗುಮಾಸ್ತ ಫಿಲೊನನ್ನು ಕರೆದುಕೊಂಡು ಅಂಗಡಿಗೆ ಬಂದ.

"ಅಜ್ಜಾ, ದಾಖಲೆ ಮಟ್ಟಿಗೆ ಸಾಯ್ಬೇಕು, ಅಷ್ಟೇ."

"ಆಮೇಲೆ ಅಂಗಡಿ ಯಾರಪ್ಪ ನೋಡ್ಕೋತಾರೆ?"

"ನೀವೇ ಯಜಮಾನ್ರೇ," ಎಂದ ಫಿಲೊ. "ಸತ್ತವರು ಈರುಳ್ಳಿ ಮಾರಬಾರದು ಅಂತ ಯಾವ ಕಾನೂನಲ್ಲೂ ಬರೆದಿಲ್ಲ."

ಒಳಗಿನಿಂದ ಹೋಸ್ತಿಯಾ ಅಜ್ಜಿ ಕೂಗಿದಳು: "ಮದುವೆಯಾದಾಗಿಂದ ನಾನು ಹೇಳಿದ್ದೊಂದೂ ಮಾಡ್ಲಿಲ್ಲ. ಮೊಮ್ಮಗ ಹೇಳಿದ್ದಾದ್ರೂ ಮಾಡಿ!"

ಮರುದಿನ ಡಂಗುರ ಹೊಡೆಯಲಾಯಿತು: "ಸ್ಪೂರಿಯಸ್ ನೋವಿಯಸ್ ಅವರು ನಾಣ್ಯದ ನಿಮಿತ್ತ ನಿಧನರಾಗಿರುತ್ತಾರೆ. ಅಂಗಡಿ ಎಂದಿನಂತೆ ತೆರೆದಿರುತ್ತದೆ."

ದೊಡ್ಡ ಮನೆತನದ ಶವಯಾತ್ರೆಯೆಂದರೆ, ಸತ್ತವರ ಮೇಣದ ಮುಖವಾಡ ತೊಟ್ಟು ಅವರ ಹಾಗೆಯೇ ನಡೆಯಲು ಒಬ್ಬ ನಟ ಬೇಕು. ನಟರು ದುಬಾರಿಯಾದ್ದರಿಂದ ಅಜ್ಜನೇ ತನ್ನ ಮುಖವಾಡ ತೊಟ್ಟು ನಡೆದ.

"ಯಾವನೋ ಇವ್ನು? ಕುಂಟೋದು ಜಾಸ್ತಿಯಾಯ್ತು," ಎಂದ ಪಕ್ಕದ ಮೀನಿನವನು. "ಪಾಪ, ನಮ್ಮ ಸ್ಪೂರಿಯಸ್ಸು ಹೀಗೆ ಕುಂಟ್ತಿರ್ಲಿಲ್ಲ."

ಅಜ್ಜ ತಿದ್ದಿಕೊಂಡು ನಡೆದ. ಊರಿಗಾಗಿ ಪ್ರಾಣ ಕೊಟ್ಟವರನ್ನು ಈ ಕಥೆ ಹೇಳುವ ನಾನು ಮೂರು ಕಡಲುಗಳ ದಡದಲ್ಲಿ ನೋಡಿದ್ದೇನೆ. ಕೊಟ್ಟಮೇಲೂ ಅದನ್ನು ಇಟ್ಟುಕೊಂಡವರು ಇಲ್ಲಿ ಮಾತ್ರ.

ನಾಣ್ಯ ಹೊರಬಿತ್ತು. ನೋವಿಯಸ್ ಗೆದ್ದ. ಆದರೆ ವಿಧವೆಯ ಸೂತಕ ಹತ್ತು ತಿಂಗಳು, ಅದರಲ್ಲಿ ರಿಯಾಯಿತಿಯಿಲ್ಲ. ಅಜ್ಜ ಅಂಗಡಿಯಲ್ಲಿ ಈರುಳ್ಳಿ ಮೂಟೆಗಳ ನಡುವೆ ಮಲಗಬೇಕಾಯಿತು.

"ಬಾಗಿಲು ತೆಗಿಯೇ, ಚಳಿ!"

"ವಿಧವೆ ಮನೆ ಬಾಗಿಲು ಬಡೀತೀರಲ್ಲ, ಮಾನ ಮರ್ಯಾದೆ ಇಲ್ವಾ?"

ಬೀದಿಯ ಜನ ಅಜ್ಜಿಯ ಪರ ನಿಂತರು. ಮೀನಿನವನಂತೂ ಅಜ್ಜನಿಗೆ ನಾಲ್ಕು ಬುದ್ಧಿಮಾತು ಹೇಳಿದ.

ಸೂತಕ ಕಳೆದ ಮೇಲೆ ಅಜ್ಜ ಕ್ರಮಬದ್ಧವಾಗಿ ಸಂಬಂಧ ಕೇಳಿ ಕಳಿಸಿದ. ಮೊಮ್ಮಗನೇ ಮುಂದೆ ನಿಂತು ಮದುವೆ ಮಾಡಿಸಿದ. ಸಂಜೆ ಅಜ್ಜಿ ಗೋಧಿಯ ಗಂಜಿ ಬಡಿಸುತ್ತಾ ನಿಟ್ಟುಸಿರಿಟ್ಟಳು.

"ನಮ್ಮ ಮೊದಲಿನ ಯಜಮಾನ್ರಾಗಿದ್ದಿದ್ರೆ ಇನ್ನೊಂದು ಸೌಟು ಹಾಕಿಸ್ಕೊಳ್ಳೋರು."

"ದೊಡ್ಡ ಮನುಷ್ಯ," ಎಂದು ಎರಡನೆಯ ಗಂಡ ತಲೆದೂಗಿದ. "ಅಂಥವರು ಈಗೆಲ್ಲಿ ಸಿಗ್ತಾರೆ."