ಪೂಜೆಗೆ ಕೂತ ಮೋಟು ಬಂದೂಕು

ನಾಚಿಕೆಯ ಹೆಂಗಸರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ತಲೆ ತಗ್ಗಿಸಿ ಕೂತರೆ ಸಾಕು, ತಪ್ಪು ತಾನಾಗಿ ಬೆಕ್ಕಿನ ಮೇಲೋ ಗಾಳಿಯ ಮೇಲೋ ಹೋಗುತ್ತದೆ. ಇಲವಾಲದ ಶಾಲೆಯಲ್ಲಿ ನಾಲ್ಕು ವರ್ಷ ಕಲಿತದ್ದಕ್ಕಿಂತ ಈ ವಿದ್ಯೆಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಅಟ್ಟದ ಮೇಲಿನ ಮರದ ಬಂದೂಕು ಯಾರದು ಅಜ್ಜಿ ಎಂದು ಕೇಳಿದಿರಲ್ಲ ಮಕ್ಕಳೇ, ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಬೀಟೆಮರದ ಕೆಲಸದವರು. ಆಗ ನಾವು ಅಗ್ರಹಾರದ ವಠಾರವೊಂದರಲ್ಲಿದ್ದೆವು. ಒಂದು ಸಂಜೆ ನನ್ನನ್ನು ಇಂಗ್ಲಿಷ್ ಪಿಕ್ಚರಿಗೆ ಕರೆದುಕೊಂಡು ಹೋದರು. ಅದರಲ್ಲಿ ಕುದುರೆ ಸವಾರನೊಬ್ಬನ ತೊಡೆಗೆ ಮೋಟು ಬಂದೂಕು ಕಟ್ಟಿತ್ತು. ಉದ್ದದ್ದನ್ನು ಹಿಂದೆಮುಂದೆ ಕುಯ್ದು ಗಿಡ್ಡ ಮಾಡಿದ್ದು. ಕೆಳಗೆ ಬಳೆಯಂಥದೊಂದು ಹಿಡಿ. ಅದನ್ನು ಕಟಕ್ಕೆಂದು ಎಳೆದು ಒತ್ತಿದರೆ ಇನ್ನೊಂದು ಗುಂಡು ಸಿದ್ಧ. ಅವನು ಆ ಹಿಡಿಗೆ ಕೈ ತೂರಿಸಿ ಬಂದೂಕನ್ನೇ ಗಿರ್ರನೆ ತಿರುಗಿಸುತ್ತಿದ್ದ. ಅವನಾಡಿದ ಒಂದು ಮಾತೂ ನನಗೆ ತಿಳಿಯಲಿಲ್ಲ. ಬಂದೂಕು ಆಡಿದ್ದೆಲ್ಲ ತಿಳಿಯಿತು.

ನಿಮ್ಮ ತಾತನಿಗೂ ಅದೇ ಹುಚ್ಚು. ಸಂಜೆಸಂಜೆ ಕೂತು ಬೀಟೆಯಲ್ಲಿ ಅಂಥದೇ ಒಂದನ್ನು ಮಾಡಿದರು. ಟಾಕೀಸಿನ ಮ್ಯಾನೇಜರು ಅದನ್ನು ಬಾಗಿಲಲ್ಲಿ ತೂಗುಹಾಕಲು ಒಪ್ಪಿದರು. ಆಯುಧಪೂಜೆಯ ದಿನದ ಮ್ಯಾಟಿನಿಯೇ ಆ ಪಿಕ್ಚರಿಗೆ ಕೊನೆಯ ಆಟ. ನೋಡಲು ಬನ್ನಿ ಎಂದು ತಾತ ವಠಾರಕ್ಕೆಲ್ಲ ಹೇಳಿಬಿಟ್ಟಿದ್ದರು.

ಆ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನು ಹಿಡಿಯೊಳಗೆ ಕೈ ತೂರಿಸಿ ಸವಾರನಂತೆ ತಿರುಗಿಸಿದೆ. ಸವಾರ ಬಳೆ ತೊಟ್ಟಿರಲಿಲ್ಲವೆಂಬುದು ನನಗೆ ಹೊಳೆದಿರಲಿಲ್ಲ. ಬಳೆ ಸಿಕ್ಕಿಕೊಂಡಿತು, ಹಿಡಿ ಲಟಕ್ಕೆಂದು ಮುರಿಯಿತು. ನಡುಮನೆಯಲ್ಲಿ ಗರಗಸ, ಉಳಿ, ಸುತ್ತಿಗೆಗಳನ್ನು ಪೂಜೆಗೆ ಜೋಡಿಸಿತ್ತು. ಬಂದೂಕನ್ನೂ ಅವುಗಳ ಪಕ್ಕ ಮಲಗಿಸಿ, ಮುರಿದಲ್ಲಿಗೆ ಚೆಂಡುಹೂ ಮುಚ್ಚಿದೆ. ಅತ್ತೆ ಬಂದು ಏನೂ ಕೇಳದೆ ಅದಕ್ಕೂ ಕುಂಕುಮವಿಟ್ಟರು.

ತಾತ ಬಂದು ಎತ್ತಿಕೊಳ್ಳಲು ಬಗ್ಗಿದರು.

"ಮುಟ್ಬೇಡ ಕಣ್ಲಾ. ನಾಳೆ ಮರುಪೂಜೆ ಆಗೋವರ್ಗೂ ಎತ್ತಂಗಿಲ್ಲ," ಎಂದರು ಅತ್ತೆ.

"ಇದು ಆಯುಧ ಅಲ್ಲ ಕಣವ್ವ, ಆಟದ್ದು."

"ಕುಂಕುಮ ಬಿದ್ದ್‌ಮ್ಯಾಲೆ ಆಯುಧವೇಯ."

ಮಧ್ಯಾಹ್ನ ಮ್ಯಾನೇಜರೇ ಬಂದರು. "ತಾಯಿ, ಇವತ್ತೇ ಕೊನೇ ಆಟ. ನಾಳೆ ಬೇರೆ ಪಿಕ್ಚರು."

"ಪಿಕ್ಚರು ಬತ್ತದೆ, ಓಯ್ತದೆ. ಕೂತ್ಕೊಳಿ ಸ್ವಾಮಿ, ಒಬ್ಬಟ್ಟು ತಿನ್ನಿ."

ಅವರು ಮೂರು ಒಬ್ಬಟ್ಟು ತಿಂದು, ಬಂದೂಕಿಗೆ ಕೈಮುಗಿದು ಹೋದರು. ತಾತನ ಎಲೆಯಲ್ಲಿ ಒಬ್ಬಟ್ಟು ಹಾಗೆಯೇ ಉಳಿಯಿತು. ನನ್ನ ಎಲೆಯಲ್ಲೂ.

ಮರುದಿನ ಎತ್ತಿದಾಗ ಹಿಡಿ ಕಳಚಿ ಬಂತು. ತಾತ ಅದರ ಸಂದಿಯಿಂದ ಹಸಿರು ಗಾಜಿನ ಚೂರೊಂದನ್ನು ಉಗುರಿನಲ್ಲಿ ಕೆದಕಿ ತೆಗೆದು ನನ್ನ ಕೈ ನೋಡಿದರು. ನಾನು ತಲೆ ತಗ್ಗಿಸಿದೆ. "ಮರ ಒಣಗಿರ್ಲಿಲ್ಲ ಕಣವ್ವ," ಎಂದರು ಅತ್ತೆಗೆ. ವಾರದೊಳಗೆ ಹೊಸ ಹಿಡಿ ಕೂರಿಸಿದರು, ಡಜನ್ ಬಳೆಯ ಕೈ ಸಲೀಸಾಗಿ ತೂರುವಷ್ಟು ದೊಡ್ಡದು.

ಈಗ ಕೈಯಲ್ಲಿ ಬಳೆಯಿಲ್ಲ. ಹಿಡಿ ತುಸು ಸಡಿಲವೇ ಆಗುತ್ತದೆ. ಮಧ್ಯಾಹ್ನದ ಹೊತ್ತು ಅಟ್ಟದಲ್ಲಿ ಕಟಕಟ ಸದ್ದಾಗುತ್ತದೆಂದು ನಿಮ್ಮಪ್ಪ ಇಲಿಬೋನು ತಂದಿಟ್ಟಿದ್ದಾನೆ. ಪಾಪ, ದಿನಾ ಹೊಸ ಕೊಬ್ಬರಿ ಚೂರು ಸಿಕ್ಕಿಸುತ್ತಾನೆ. ನೀವು ಅವನಿಗೆ ಏನೂ ಹೇಳಬೇಡಿ.