ಅವ್ವಾರ ಮೋಟರಿನ ಫ್ಯಾನು

ಮೋಟರು ಕೆಟ್ಟರ ರಿಪೇರಿ ಮಾಡಬಹುದು. ಮೋಟರಿನ ಬಗ್ಗಿ ಮಂದಿ ತಲ್ಯಾಗ ಕುಂತದ್ದನ್ನ ರಿಪೇರಿ ಮಾಡೂದು ಕಷ್ಟ. ಸುರಪುರದಾಗ ಡ್ರೈವರಕಿ ಮಾಡಿದಷ್ಟು ವರ್ಷನೂ ನನಗ ಇದೇ ಗಂಟು ಬಿತ್ತು. ನಗೋವಂಥದ್ದು ಏನರ ಹೇಳು ಅಂತೀರಿ, ಹೇಳ್ತೀನಿ. ಆದರ ಆವಾಗ ನಾವ್ಯಾರೂ ನಕ್ಕಿದ್ದಿಲ್ಲ.

೧. ಥಂಡಿ ದೇಶದ ಗಾಡಿ

ನಿಜಾಮರ ರಾಜ್ಯ ಹೋಗಿ ಹೈದರಾಬಾದು ಹಿಂದುಸ್ತಾನದಾಗ ಕೂಡಿದ ಹೊಸತು. ನಮ್ಮ ಧಣಿ ದೇಶಮುಖರ ಅಧಿಕಾರ ಹೋಗಿತ್ತು, ಡೌಲು ಉಳದಿತ್ತು. ದೇಶ ಬಿಟ್ಟು ಹೊಂಟ ಬಿಳಿ ಸಾಹೇಬನೊಬ್ಬನ ಕಡಿಂದ ವಿಲಾಯತಿ ಮೋಟರು ತಗೊಂಡ್ರು. ಅದರಾಗ ಕಾಲ ಹತ್ರ ಒಂದು ಪೆಟ್ಟಗಿ, ಪೆಟ್ಟಗಿಯೊಳಗ ಫ್ಯಾನು. ಗುಂಡಿ ಒತ್ತಿದರ ಗಾಳಿ ಬರ್ತದ ಅಂತ ಸಾಹೇಬ ಹೇಳಿದ್ದ. ಎಂಥಾ ಗಾಳಿ ಅಂತ ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಬ್ಯಾಸಗಿ ದಿನ. ದೇಶಮುಖರು ಊರ ಹಿರಿಯರನ್ನ ಕೂಡಿಸಿಕೊಂಡು, ಮೋಟರಿನ ಕಿಟಕಿ ಗ್ಲಾಸು ಏರಿಸಿ, ದೇವಾಪುರದ ದಾರಿ ಹಿಡಿ ಅಂದ್ರು. ಗುಂಡಿ ಒತ್ತಿದೆ. ಆ ಪೆಟ್ಟಗಿಯೊಳಗ ಇಂಜಿನ್ನಿನ ಬಿಸಿನೀರು ಹರೀತದ, ಚಳಿ ದೇಶದಾಗ ಕೈಕಾಲು ಕಾಸ್ಕೊಳ್ಳಾಕ ಮಾಡಿದ್ದು ಅಂತ ನನಗರ ಏನು ಗೊತ್ತು? ಉರಿಗಾಳಿ ಬಂತು. ಗಾಳಿ ಹೆಂಗದ ಅಂತ ದೇಶಮುಖರು ಕೇಳಿದ್ರು. ಅವರೆದುರು ಖರೇ ಹೇಳೋ ಧೈರ್ಯ ಯಾರಿಗದ? ಎಲ್ಲಾರೂ ಬೆವರು ಒರಸ್ಕೋತ ಭಾಳ ತಂಪದರಿ ಅಂದ್ರು. ಊರು ಮುಟ್ಟಿದ ಮ್ಯಾಲ ಸಾವಕಾರರೊಬ್ಬರು ನಡುಮಧ್ಯಾಹ್ನದ ಬಿಸಲಾಗ ಇಳಿದು, ನೆಳ್ಳು ಸೈತ ಹುಡುಕದ ಅಲ್ಲೇ ನಿಂತು, "ಹಾಂ, ಈಗ ಜೀವ ತಣ್ಣಗಾತು" ಅಂದ್ರು.

ಆಮ್ಯಾಲ ಹುಡುಕಿದಾಗ ಇಂಜಿನ್ನಿನ ಮ್ಯಾಲ ಬಿಸಿನೀರಿನ ನಳ ಸಿಕ್ತು. ಅದನ್ನ ಬಂದ್ ಮಾಡಿದೆ. ಫ್ಯಾನು ಬರೇ ಗಾಳಿ ಕೊಡಾಕ ಹತ್ತಿತು.

೨. ಇದೂ ಒಂದು ಕಿಟಕಿ

ದೇಶಮುಖರ ಹೆಂಡ್ತಿ ಅವ್ವಾರು ಗೋಷಾದಾಗ ಇದ್ದವರು. ಪರಗಂಡಸರು ಅವರ ಮುಖ ನೋಡಿಲ್ಲ, ದನಿ ಕೇಳಿಲ್ಲ. ಮೋಟರಿನಾಗ ಹೊಂಟರ ಗ್ಲಾಸು ಪೂರಾ ಏರಿಸಬೇಕು, ಒಳಗ ಕರೀ ಪರದಾ ಕಟ್ಟಬೇಕು.

ಹೈದರಾಬಾದಿಗೆ ಕೊಟ್ಟ ಒಬ್ಬಳೇ ಮಗಳು ಚೊಚ್ಚಲ ಬಸುರಿ. ದಿನ ತುಂಬ್ಯಾವ, ಮೈಯಾಗ ಆರಾಮಿಲ್ಲ, ಅವ್ವ ಬರಲಿ ಅಂತ ಅಳಾಕತ್ಯಾಳ ಅಂತ ಸುದ್ದಿ ಬಂತು. ಯಾದಗಿರಿ ಟೇಶನ್ನಿಗೆ ಹೋಗಿ ರೈಲು ಹತ್ತಬೇಕು. ಹೊಂಟಿವಿ. ಶಹಾಪುರ ಮುಟ್ಟೂದ್ರಾಗ ಫ್ಯಾನು ನಿಂತಿತು, ಅವ್ವಾರು ಆ ಕುದಿಗೆ ಎಚ್ಚರ ತಪ್ಪಿದ್ರು. ಹಿಂದಕ್ಕ ಬಂದಿವಿ. ಫ್ಯಾನು ತಿರುಗಿದರ ಹೋಗೂದು, ಇಲ್ಲಂದ್ರ ಇಲ್ಲ ಅಂತ ದೇಶಮುಖರು ಹುಕುಂ ಮಾಡಿದ್ರು. ಆ ತಾಯಿ ಮಗಳ ಮುಖ ನೋಡೂದು ನನ್ನ ಕೈಯಾಗಿನ ನಟ್ಟು ಬಿಚ್ಚೋ ಪಾನಾದ ಮ್ಯಾಲ ಬಂತು. ಯಾ ಅಲ್ಲಾ ಅಂದವನೇ ಕೆಲಸಕ್ಕ ಕುಂತೆ.

ಫ್ಯೂಸು ನೋಡಿದೆ, ಚಲೋ ಇತ್ತು. ವಾಯರು ನೋಡಿದೆ, ಕರೆಂಟು ಫ್ಯಾನಿನ ತನಕ ಬರಾಕತ್ತಿತ್ತು. ಮತ್ತ್ಯಾಕ ತಿರುಗವಲ್ದು? ಪೆಟ್ಟಗಿ ಬಿಚ್ಚಿದೆ. ಒಳಗ ಲಾವಂಚದ ಬೇರು, ಯಾರೋ ನೀರು ಹೊಡದು ತುರುಕಿದ್ದು, ಅರ್ಧಮರ್ಧ ಒಣಗಿ ಫ್ಯಾನಿಗೆ ಸುತ್ತಿಕೊಂಡು ಕುಂತಿತ್ತು.

ದೇಶಮುಖರ ವಾಡೇದಾಗ ಒಬ್ಬಾಕಿ ಮುದುಕಿ ಇದ್ದಳು. ಬ್ಯಾಸಗಿ ಬಂತಂದ್ರ ಕಿಟಕಿಗೆಲ್ಲ ಲಾವಂಚದ ತಟ್ಟಿ ಕಟ್ಟಿ, ನೀರು ಹೊಡದು ತಂಪು ಮಾಡೂದು ಆಕಿ ಕೆಲಸ. ಯಾಕ ಹಿಂಗ ಮಾಡ್ದಿ ಆಯೀ ಅಂತ ಕೇಳಿದೆ. ಗಾಳಿ ಬರೂ ಜಾಗಾ ಅಂದ್ರ ಅದೂ ಒಂದು ಕಿಟಕಿನೇ ಅಂದಳು. ಲಾವಂಚ ನೋಡಿ ಬೆರಳಿಂದ ಒತ್ತಿದಳು, ನನ್ನ ಕಡಿ ಕಣ್ಣು ಕೆಕ್ಕರಿಸಿದಳು.

"ಒಣಗ್ಯದ ನೋಡು. ನೀ ದಾರ್‍ಯಾಗ ನೀರು ಹೊಡದಿಲ್ಲ, ಅದಕ್ಕ ನಿಂತದ."

ದೇಶಮುಖರು ಆಕಿ ಮಾತಿಗೆ ಹೌದೌದು ಅಂದ್ರು. ಬೈಸಿಕೊಂಡಾವ ನಾನು.

೩. ಮೊಳದುದ್ದದ ದೂರ

ಬೇರು ಕಿತ್ತು, ಫ್ಯಾನು ಒಣಗಿಸಿ, ಮರುದಿನ ಹೊಂಟಿವಿ. ದೇಶಮುಖರಿಗೆ ಕಚೇರಿ ಕೆಲಸ ಇತ್ತು, ಮುದುಕಿನ್ನ ಜೋಡಿ ಕಳಿಸಿದ್ರು. ಶಹಾಪುರ ದಾಟಿತು, ಫ್ಯಾನು ತಿರುಗಾಕತ್ತಿತ್ತು. ಭೀಮಾ ಹೊಳಿ ಇನ್ನೂ ಮುಂದದ ಅನ್ನೂದ್ರಾಗ ಗುರ್ ಅಂದು ನಿಂತುಬಿಟ್ಟಿತು.

ಗಾಡಿ ನಿಲ್ಲಿಸಿ ಕೆಳಗ ತಲಿ ಹಾಕಿದೆ. ಮುದುಕಿ ಹೊಡದ ನೀರಿಗೆ ಫ್ಯಾನಿನ ಒಳಗ ತುಕ್ಕು ಹತ್ತಿ ಜಂಗು ಹಿಡಿದಿತ್ತು. ಅದು ದಾರಿ ಮ್ಯಾಲ ಆಗೂ ಕೆಲಸ ಅಲ್ಲ. ಅವ್ವಾರು ಪರದಾದ ಹಿಂದ ಮೆಲ್ಲಕ ಏನೋ ಅಂದ್ರು. ನನಗೂ ಅವರಿಗೂ ಮೊಳದುದ್ದ ದೂರ, ಎಲ್ಲಾ ಕೇಳಿಸ್ತಿತ್ತು. ಆದರೂ ಕೇಳಿಸಿಲ್ಲ ಅನ್ನೋವಂಗ ಇರಬೇಕು. ಮುದುಕಿ ಹೊಲದ ಆಚಿಗಿನವರಿಗೆ ಕೂಗಿದಂಗ ಕೂಗಿದಳು, "ಏನಾಗ್ಯದ ಅಂತ ಕೇಳ್ತಾರ!" ಫ್ಯಾನು ನಿಂತದ, ಹಿಂದಕ್ಕ ಹೋಗೂಣೇನು ಕೇಳು ಅಂದೆ. ಆಕಿ ಅದನ್ನೂ ಅವ್ವಾರ ಕಿವಿಯಾಗ ಕೂಗಿದಳು.

ರೈಲಿನ ಹೊತ್ತು ಆಗಾಕತ್ತಿತ್ತು. ಆಮ್ಯಾಲ ಪರದಾ ಸರಿದ ಸಪ್ಪಳಾತು.

"ಮೋಟರು ನಡೀತದೇನಪಾ?" ನೇರ ನನಗೇ ಕೇಳಿದ್ರು. ನಾ ಗಾಬರಿಯಾಗಿ ಮುದುಕಿ ಮುಖ ನೋಡಿದೆ. ಆಕಿ ಬಾಯಿ ತಕ್ಕೊಂಡು ಕುಂತಿದ್ದಳು.

"ನಡೀತದ್ರಿ ಅವ್ವಾರ. ಫ್ಯಾನು ಅಷ್ಟ ಕೆಟ್ಟದ್ರಿ."

"ನನ್ನ ಮಗಳ ಬಾಣಂತನ ಫ್ಯಾನು ಮಾಡ್ತದೇನು? ನಡಿ."

ತಾವೇ ಗ್ಲಾಸು ಇಳಿಸಿದ್ರು. ರೈಲು ಸಿಕ್ತು.

ಅವ್ವಾರು ಮೊಮ್ಮಗನ್ನ ಎತ್ತಿ ಆಡಿಸಿ ತಿರುಗಿ ಬಂದ ದಿನ, ದೇಶಮುಖರು ಹಿರಿಯರ ಮುಂದ ನನ್ನ ಕರದು, ಅವತ್ತು ಫ್ಯಾನು ಹೆಂಗ ನಡೀತು ಅಂತ ಕೇಳಿದ್ರು. ಫ್ಯಾನು ಇನ್ನೂ ಜಂಗು ಹಿಡದೇ ಕುಂತಿತ್ತು. ಬಾಗಿಲ ಕಡಿಂದ ಮುದುಕಿ ಅಂದಳು, "ದಾರಿ ತುಂಬಾ ಗಾಳಿ ಬಂತ್ರಿ. ಸೆರಗು ಹಿಡಿಯಾಕ ಎರಡು ಕೈ ಸಾಲಲಿಲ್ಲ." ದೇಶಮುಖರು ಮೀಸಿ ತಿರುವಿ, ವಿಲಾಯತಿ ಮಾಲು ಅಂದ್ರ ಹಿಂಗ ಇರ್ತದ ಅಂತ ಹಿರಿಯರಿಗೆ ತಿಳಿಸಿ ಹೇಳಿದ್ರು. ಅವರು ಮೊದಲಿನಂಗ ಹೌದ್ರಿ ಅಂದ್ರು.

ಬಾಗಿಲ ಹಿಂದ ಅವ್ವಾರ ದನಿ ಕೇಳಿಸಿತು. "ಇನ್ನ ಆ ಫ್ಯಾನು ಯಾರೂ ಮುಟ್ಟಬ್ಯಾಡ್ರಿ. ಈಗ ಸರಿಯಾಗಿ ನಡದದ."